ಗರ್ಡರ್ ಮಾಳಿಗೆಗೆ ಸುಣ್ಣ: ದಸರೆಯಿಂದ ದೀಪಾವಳಿವರೆಗಿನ ರಿಪೇರಿ

ಮಾಳಿಗೆ ಸೋರುತ್ತದೆ ಅಂತ, ಹನಿ ಬೀಳುವ ಜಾಗದ ಮೇಲಕ್ಕೆ ಹತ್ತಿ ಒಂದಿಷ್ಟು ಸಿಮೆಂಟ್ ಮೆತ್ತಿ ಇಳಿದುಬಿಟ್ಟರೆ ಏನೂ ಆಗುವುದಿಲ್ಲ. ನಮ್ಮ ಕಡೆಯ ಗರ್ಡರ್ ಮಾಳಿಗೆಯಲ್ಲಂತೂ ನೀರು ಇಳಿಯುವುದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ. ಪಡಸಾಲೆಯಲ್ಲಿ ನಾವು ಬಕೆಟ್ ಇಟ್ಟಿದ್ದ ಜಾಗಕ್ಕೂ ಮೇಲೆ ಬಿರುಕು ಸಿಕ್ಕ ಜಾಗಕ್ಕೂ ಆರು ಅಡಿ ಅಂತರ ಇತ್ತು.

ಕಲಬುರಗಿಯ ಬ್ರಹ್ಮಪುರದಲ್ಲಿರುವ ಈ ಮನೆ ನಮ್ಮ ಮಾವನವರು ಕಟ್ಟಿಸಿದ್ದು. ನಾನು ತುಮಕೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ಇಬ್ಬರೂ ರಿಟೈರ್ ಆದೆವು, ಬಾಡಿಗೆಯವರು ಮನೆ ಬಿಟ್ಟರು, ನಾವು ಲಾರಿ ತುಂಬ ಸಾಮಾನು ಹೇರಿಕೊಂಡು ಬಂದು ಇಳಿದೆವು. ಬಂದದ್ದು ಸೆಪ್ಟೆಂಬರ್‌ನಲ್ಲಿ. ಈ ಊರಿಗೆ ಮಳೆ ಜೋರು ಹಿಡಿಯುವುದೇ ಆಗ. ಹಾಗಾಗಿ ಮನೆ ತನ್ನ ತಕರಾರುಗಳನ್ನೆಲ್ಲ ಮೊದಲ ವಾರದಲ್ಲೇ ನಮ್ಮ ಮುಂದೆ ಇಟ್ಟಿತು.

ದಸರೆಗೆ ಪುಣೆಯಿಂದ ಮಗ, ಸೊಸೆ, ಮೊಮ್ಮಕ್ಕಳು ಬರುವವರಿದ್ದರು. ದೀಪಾವಳಿಗೆ ಹೈದರಾಬಾದಿನಿಂದ ಮಗಳು, ಅಳಿಯ. ಆ ಎರಡು ಹಬ್ಬದ ನಡುವಿನ ಆಶ್ವೀಜ ಮಾಸವೇ ರಿಪೇರಿಗೆ ಸರಿಯಾದ ಸಮಯ ಅಂತ ಗಾರೆ ಕೆಲಸದ ಗೌಂಡಿಯೂ ಹೇಳಿದ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ಹದವಾಗಿರುತ್ತದೆ. ಸುಣ್ಣದ ಕೆಲಸಕ್ಕೆ ಬೇಕಾದದ್ದು ಅದೇ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಊರಲ್ಲಿ ಸುಣ್ಣದ ಗಾರೆ ಹಾಕಿದರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಹಾಗಂತ ಅಕ್ಟೋಬರ್ ಮಳೆಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಈ ಜಿಲ್ಲೆಯ ಎಷ್ಟು ಊರುಗಳಿಗೆ ನುಗ್ಗಿತ್ತು ಅನ್ನುವುದು ಇಲ್ಲಿಯವರಿಗೆ ನೆನಪಿದೆ. ಅದಕ್ಕೇ ಮೊದಲು ಕೊಂಡದ್ದು ದೊಡ್ಡದೊಂದು ತಾಡಪತ್ರಿ, ಅಂದರೆ ಟಾರ್ಪಾಲು.

ನೋಡದವರಿಗೆ ಈ ಮಾಳಿಗೆ ಹೇಗಿದೆ ಅಂತ ಹೇಳುತ್ತೇನೆ. ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರ್, ಸುಮಾರು ಮೂರು ಅಡಿಗೆ ಒಂದು. ಅವುಗಳ ಮೇಲೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಫರ್ಸಿಯ ಮೇಲೆ ಸುಣ್ಣ, ಇಟ್ಟಿಗೆ ಚೂರು ಕೂಡಿಸಿ ಬಡಿದು ಕೂರಿಸಿದ ಗಚ್ಚು. ಇಷ್ಟು ನಮ್ಮ ಮಾವನವರ ಕಾಲದ್ದು. ಅದರ ಮೇಲೆ ಬಾಡಿಗೆಯವರ ಕಾಲದಲ್ಲಿ ಯಾರೋ ಕಂಟ್ರಾಕ್ಟರ್ ಒಬ್ಬ ಎರಡು ಇಂಚು ದಪ್ಪಕ್ಕೆ ಸಿಮೆಂಟ್ ಹಾಕಿ ಹೋಗಿದ್ದ. ಸೋರುವುದಕ್ಕೆ ಶುರುವಾದದ್ದು ಆಮೇಲೆ ಅಂತ ಓಣಿಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು.

ಅದರಲ್ಲಿ ಆಶ್ಚರ್ಯ ಇಲ್ಲ. ಹಗಲು ಮಾಳಿಗೆ ಕಾಯುತ್ತದೆ, ಹಿಗ್ಗುತ್ತದೆ. ರಾತ್ರಿ ತಣಿಯುತ್ತದೆ, ಕುಗ್ಗುತ್ತದೆ. ಕೆಳಗಿನ ಗಚ್ಚು ಮೆತ್ತಗಿನ ಜಾತಿ, ಆ ಎಳೆದಾಟ ತಡೆದುಕೊಳ್ಳುತ್ತದೆ. ಸಿಮೆಂಟ್ ಬಿರುಸು, ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಇಳಿಯುತ್ತದೆ. ಇಳಿದ ನೀರು ಮೇಲೆ ಆರಿಹೋಗುವುದಕ್ಕೆ ಸಿಮೆಂಟ್ ಬಿಡುವುದಿಲ್ಲ. ಅದು ಗಚ್ಚಿನಲ್ಲೇ ಕೂತು, ಫರ್ಸಿಯ ಸಂದಿ ಹುಡುಕಿ, ಗರ್ಡರ್ ಹಿಡಿದು ಹರಿದು, ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತದೆ.

"ಇದರ ಮ್ಯಾಲ ಇನ್ನೊಂದು ಪದರ ಹಾಕೋದು ಬ್ಯಾಡ್ರಿ ಅಕ್ಕೋರ. ಇದ್ದದ್ದು ತೆಗೀಬೇಕ್ರಿ" ಅಂದ ಗೌಂಡಿ. ವಯಸ್ಸಾದವನು. ಅವನ ಅಪ್ಪನೂ ಇದೇ ಕೆಲಸ ಮಾಡಿದವನು. ನಾನು ಒಂದು ಲೆಕ್ಕ ಹಾಕಿ ನೋಡಿದೆ. ಎರಡು ಇಂಚು ಸಿಮೆಂಟ್ ಅಂದರೆ ಒಂದು ಚದರ ಅಡಿಗೆ ಹತ್ತು ಕಿಲೋ. ನಮ್ಮ ಪಡಸಾಲೆ 12ಕ್ಕೆ 15 ಅಡಿ. ಅಷ್ಟರ ಮೇಲೇ 1,800 ಕಿಲೋ ಬೇಡದ ಭಾರ! ಗರ್ಡರ್‌ಗಳು ಇಷ್ಟು ವರ್ಷ ಅದನ್ನೂ ಹೊತ್ತಿವೆ. ಯಜಮಾನರು ಆ ಅಂಕಿ ಕೇಳಿ ಪಡಸಾಲೆಯಲ್ಲಿ ಕೂರುತ್ತಿದ್ದ ಕುರ್ಚಿಯನ್ನು ಸುಮ್ನೆ ಎತ್ತಿ ಅಂಗಳಕ್ಕೆ ಒಯ್ದರು.

ಹಾಗಾಗಿ ಮೊದಲು ಗರ್ಡರ್ ಪರೀಕ್ಷೆ. ಇದಕ್ಕೆ ಮಾತ್ರ ಅಂದಾಜು ನಡೆಯುವುದಿಲ್ಲ, ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ನಡುಭಾಗ ನೋಡಲೇ ಇಲ್ಲ. ಏಣಿ ಹಾಕಿಸಿಕೊಂಡು ಸೀದಾ ಗರ್ಡರ್ ಗೋಡೆಯೊಳಗೆ ಹೋಗುವ ತುದಿಗಳ ಹತ್ತಿರ ಹೋದರು. ಗೋಡೆ ತೇವ ಹಿಡಿದಿರುತ್ತದೆ, ತುಕ್ಕು ಜಾಸ್ತಿ ತಿನ್ನುವುದು ಅಲ್ಲೇ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಪದರ ಪದರ ಉದುರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ದುಪ್ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಹಾಗೆ ಉಬ್ಬಿ ಒಂದು ಕಡೆ ಫರ್ಸಿಯನ್ನೇ ಎತ್ತಿಬಿಟ್ಟಿತ್ತು. ಅಡುಗೆಮನೆ ಪಕ್ಕದ ಒಂದು ಗರ್ಡರ್‌ಗೆ ಕೆಳಗಿನಿಂದ ಇನ್ನೊಂದು ಕಬ್ಬಿಣದ ಕಂಬದ ಆಸರೆ ಕೊಡಿಸಿ ಅಂದರು. ಉಳಿದವು ಪಾಸು. ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿಸಿದೆವು.

ಗರ್ಡರ್ ಗಟ್ಟಿ ಅಂತ ಆದ ಮೇಲೆ ನೀರಿನ ಪರೀಕ್ಷೆ. ಮಾಳಿಗೆಯನ್ನು ಹಸಿ ಮಣ್ಣಿನ ಕಟ್ಟೆ ಕಟ್ಟಿ ಭಾಗ ಮಾಡಿ, ನೀರು ಹೊರಬೀಳುವ ಕಲ್ಲಿನ ದೋಣಿಯ ಕಡೆಯಿಂದ, ಅಂದರೆ ತಗ್ಗಿನಿಂದ ಶುರು ಮಾಡಿದೆವು. ಮೇಲಿನ ಭಾಗದಿಂದ ಶುರು ಮಾಡಿದರೆ ಅದರ ನೀರು ಕೆಳಗಿನ ಬಿರುಕಿನಲ್ಲೂ ಇಳಿದು ಲೆಕ್ಕ ತಪ್ಪುತ್ತದೆ. ಒಂದು ಇಂಚಿಗಿಂತ ಜಾಸ್ತಿ ನಿಲ್ಲಿಸಲಿಲ್ಲ, ಅದೇ ಚದರ ಅಡಿಗೆ ಎರಡು ಕಿಲೋ ದಾಟುತ್ತದೆ. ಕೆಳಗೆ ನಾನು ಚಾಕ್‌ಪೀಸ್ ಹಿಡಿದು ಏಣಿ ಮೇಲೆ, ಮೇಲೆ ಇವರು ಪೈಪ್ ಹಿಡಿದು. "ಬಂತಾ?" "ಇಲ್ಲ." "ಈಗ?" "ಇಲ್ಲಾರೀ." ಕೊನೆಗೆ ಗರ್ಡರ್ ಅಂಚಿನಲ್ಲಿ ಒಂದು ಹನಿ ಕಾಣಿಸಿಕೊಂಡು, ನಿಧಾನಕ್ಕೆ ಅದರುದ್ದಕ್ಕೂ ನಡೆದು, ಬಣ್ಣದ ಒಂದು ಗಂಟಿಗೆ ತಡೆದು ಕೆಳಗೆ ಬಿತ್ತು. ಚಾಕಿನಿಂದ ಅದರ ಹಾದಿಯನ್ನೇ ಗೀಟು ಎಳೆದೆ. ಆ ಗೀಟುಗಳ ಫೋಟೋ ತೆಗೆದು ಗೌಂಡಿಗೆ ತೋರಿಸಿದ್ದರಿಂದ ಎಲ್ಲ ಸಂದಿಯನ್ನೂ ಬಿಚ್ಚುವ ಕೆಲಸ ತಪ್ಪಿತು.

ಸುಣ್ಣವನ್ನು ಮಹಾಲಯ ಅಮಾವಾಸ್ಯೆಗೂ ಮುಂಚೆಯೇ ಅರಳಿಸಿ, ಅಂದರೆ ನೀರಿಗೆ ಹಾಕಿ ಕುದಿಯಲು ಬಿಟ್ಟು, ಇಟ್ಟಿದ್ದೆವು. ಅರಳಿಸಿದ ಸುಣ್ಣ ನೀರಿನ ಅಡಿಯಲ್ಲಿ ಕೂತಷ್ಟೂ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ, ಕನಿಷ್ಠ ಎರಡು ವಾರ ಬೇಕು. ಚೀಲದಲ್ಲಿ ಸಿಗುವ ಪುಡಿ ಸುಣ್ಣದಿಂದಲೂ ಕೆಲಸ ಆಗುತ್ತದೆ. ಆದರೆ ಗೌಂಡಿ ಹರಳು ಸುಣ್ಣವೇ, ಅಂದರೆ ಇನ್ನೂ ನೀರು ಕಾಣದ ಸುಟ್ಟ ಸುಣ್ಣದ ಕಲ್ಲೇ, ಬೇಕು ಅಂತ ಹಟ ಹಿಡಿದ. ನನಗೂ ಒಳಗೊಳಗೆ ಅದೇ ಬೇಕಿತ್ತು. ಇಷ್ಟು ವರ್ಷ ಕ್ಲಾಸಿನಲ್ಲಿ ಚಮಚದಷ್ಟು ಸುಣ್ಣಕ್ಕೆ ನೀರು ಹಾಕಿ ತೋರಿಸಿದವಳಿಗೆ ಒಂದು ಡ್ರಮ್ ತುಂಬ ಕುದಿಯುವುದನ್ನು ನೋಡುವ ಆಸೆ ಇರುವುದಿಲ್ಲವೇ!

ಇಲ್ಲಿ ಜೋಪಾನ. ಡ್ರಮ್ ಕಬ್ಬಿಣದ್ದೇ ಇರಬೇಕು, ಪ್ಲಾಸ್ಟಿಕ್ ಆದರೆ ಮೆತ್ತಗಾಗಿ ಕುಸಿಯುತ್ತದೆ. ಮೊದಲು ನೀರು, ಆಮೇಲೆ ಸುಣ್ಣ, ಅದೂ ಸ್ವಲ್ಪ ಸ್ವಲ್ಪ. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಹರಳು ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲು ಬಿರಿಯುವ ಸಣ್ಣ ಸದ್ದು, ಆಮೇಲೆ ಗುಳುಗುಳು, ಆಮೇಲೆ ಡ್ರಮ್ಮಿನ ಬಾಯಿ ಕಾಣದಷ್ಟು ಹಬೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು, ಉಜ್ಜಬಾರದು.

ಗಾರೆಯ ಅಳತೆ: ಸುಣ್ಣ ಒಂದು ಪಾಲು, ಸುರ್ಕಿ ಒಂದು, ಜರಡಿ ಹಿಡಿದ ಮರಳು ಎರಡು. ಸುರ್ಕಿ ಅಂದರೆ ಕೆಂಪು ಇಟ್ಟಿಗೆಯ ನುಣುಪು ಪುಡಿ. ಬರೀ ಸುಣ್ಣ ಗಟ್ಟಿಯಾಗಬೇಕಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಸುರ್ಕಿ ಸೇರಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಮಾಳಿಗೆಗೆ ಬೇಕಾದದ್ದು ಅದೇ. ಇದರ ಮೇಲೆ ಗೌಂಡಿ ಬೆಲ್ಲದ ನೀರು ಬೇರೆ ಕೇಳಿದ. ಸಕ್ಕರೆ ಇರುವ ನೀರಿನಲ್ಲಿ ಸುಣ್ಣ ಜಾಸ್ತಿ ಕರಗುತ್ತದೆ ಅನ್ನುವವರೆಗೆ ನನ್ನ ಕೆಮಿಸ್ಟ್ರಿ ಅವನ ಪರವಾಗಿತ್ತು. ಮುಂದಿನದು ಅವನ ಅಪ್ಪನ ಕೆಮಿಸ್ಟ್ರಿ. ಬೆಲ್ಲ ಕೊಟ್ಟೆ. ಮಾರನೇ ದಿನ ಇಡೀ ಓಣಿಯ ಇರುವೆ ನಮ್ಮ ಮಾಳಿಗೆ ಮೇಲಿತ್ತು.

ಮೇಲಿನ ಸಿಮೆಂಟನ್ನು ಉಳಿ, ಸುತ್ತಿಗೆಯಲ್ಲೇ ತೆಗೆಸಿದೆವು. ಮೆಷಿನ್ ಹಚ್ಚಿದರೆ ಬೇಗ ಆಗುತ್ತದೆ ನಿಜ, ಆದರೆ ಆ ನಡುಕಕ್ಕೆ ಕೆಳಗಿನ ಫರ್ಸಿ ಬಿರಿದರೆ ಕಥೆ ಬೇರೆಯೇ ಆಗುತ್ತದೆ. ಆಮೇಲೆ ಚಾಕಿನ ಗೀಟು ತೋರಿಸಿದ ಸಂದಿಗಳನ್ನು ಒಂದು ಇಂಚು ಆಳಕ್ಕೆ ಕೆದರಿ, ಬ್ರಷ್ ಹಾಕಿ ಧೂಳು ತೆಗೆದು, ನೀರು ಕುಡಿಸಿದೆವು. ಒಣ ಕಲ್ಲಿಗೆ ಗಾರೆ ಹಾಕಿದರೆ ಕಲ್ಲು ಅದರ ನೀರನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಗಾರೆಯನ್ನು ಒಂದೇ ಸಲ ತುಂಬುವ ಹಾಗಿಲ್ಲ. ಅರ್ಧ ತುಂಬಿ, ಕಬ್ಬಿಣದ ಪಟ್ಟಿಯಿಂದ ಒತ್ತಿ, ಎಳೆ ಬಿಸಿಲಿಗೆ ಸ್ವಲ್ಪ ಬಿಗಿಯಾದ ಮೇಲೆ ಉಳಿದರ್ಧ. ಗೌಂಡಿ ಕರಣೆಯ ತುದಿಯಿಂದ ಒತ್ತುವಾಗ ಸಂದಿಯೊಳಗಿಂದ ಗಾಳಿ ಪುಸ್ ಅನ್ನುತ್ತಿತ್ತು. ಆ ಸದ್ದು ನಿಲ್ಲುವವರೆಗೂ ಬಿಡಲಿಲ್ಲ.

ಮಾಳಿಗೆಯ ನೆಲ ಪ್ಯಾರಾಪೆಟ್ ಗೋಡೆಗೆ ಸೇರುವ ಮೂಲೆಗೆಲ್ಲ ಗೋಲಾ ಹೊಡೆಸಿದೆವು. ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತುಂಬುವುದು. ಬಿರುಕು ಮೊದಲು ಬಿಡುವುದು ಅಲ್ಲೇ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ಎರಡು ಹೊತ್ತು ನೀರು. ಯಜಮಾನರು ವಾಕಿಂಗ್ ಬಿಟ್ಟು ಅದನ್ನೇ ವ್ಯಾಯಾಮ ಮಾಡಿಕೊಂಡರು.

ಮಗ ಬಂದಾಗ ಮಾಳಿಗೆ ಇನ್ನೂ ಅರ್ಧ ಗೋಣಿಚೀಲ, ಅರ್ಧ ತಾಡಪತ್ರಿ. ಒಂದು ಸುತ್ತು ನೋಡಿ ಇಳಿದು ಬಂದ. "ಅಪ್ಪಾ, ಇಷ್ಟೆಲ್ಲ ಯಾಕೆ? ಡಾಂಬರಿನ ವಾಟರ್‌ಪ್ರೂಫ್ ಶೀಟ್ ಹಾಸಿದರೆ ಎರಡು ದಿನದ ಕೆಲಸ" ಅಂದ. ಹೊಸ ಆರ್‌ಸಿಸಿ ಮನೆಗೆ ಅವನ ಮಾತು ಸರಿ ಇರಬಹುದು. ಆದರೆ ತೇವ ಕುಡಿದ ಗಚ್ಚಿನ ಮೇಲೆ ಶೀಟ್ ಹಾಸಿದರೆ ಒಳಗಿನ ನೀರಿಗೆ ಕೆಳಗಿನ ದಾರಿ ಒಂದೇ ಉಳಿಯುತ್ತದೆ. ಸಿಮೆಂಟ್ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ಅಪ್ಪ ಮಗ ಊಟದ ಹೊತ್ತಿಗೆಲ್ಲ ಇದನ್ನೇ ಮಾತಾಡಿದರು. ಈ ಮನೆ ಕೆಡವಿ ಎರಡು ಮಹಡಿ ಎಬ್ಬಿಸಿದರೆ ಹೇಗೆ ಅನ್ನುವಲ್ಲಿಗೂ ಮಾತು ಹೋಯಿತು. ನಾನು ಶೇಂಗಾ ಹೋಳಿಗೆ ಬಡಿಸುತ್ತಾ ಇದ್ದೆ, ಬಾಯಿ ಹಾಕಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಕೋಟೆಗೆ ಹೋದೆವು. ಮೊಮ್ಮಕ್ಕಳಿಗೆ ತೋಪು ನೋಡಬೇಕಿತ್ತು. ಮಗನನ್ನು ನಾನು ಜಾಮಿ ಮಸೀದಿಯೊಳಗೆ ಕರೆದುಕೊಂಡು ಹೋದೆ. 1367ರಲ್ಲಿ ಬಹಮನಿಯವರ ಕಾಲದಲ್ಲಿ ಕಟ್ಟಿದ್ದು. ನಡುವೆ ಬಯಲು ಅಂಗಳ ಇಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಮುಚ್ಚಿಗೆ. ಕಲ್ಲು, ಸುಣ್ಣ ಬಿಟ್ಟರೆ ಅಲ್ಲಿ ಬೇರೆ ಏನಿದೆ? ಅವನು ಕಮಾನುಗಳ ಸಾಲನ್ನು ಬಹಳ ಹೊತ್ತು ನೋಡಿ, "ಮೆಂಟೆನೆನ್ಸ್ ಯಾರು ಮಾಡ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಲ್ವಾ ಅಮ್ಮಾ" ಅಂದ. ಅದೂ ಸರಿಯೇ. ಇಲ್ಲಿ ಮಾಡುವವರು ನಾವಿಬ್ಬರೇ. ಮರುದಿನ ಮಾತ್ರ ಅವನೇ ಲುಂಗಿ ಎತ್ತಿ ಕಟ್ಟಿ ಉಳಿ ಹಿಡಿದು ಪ್ಯಾರಾಪೆಟ್ ಬದಿಯ ಸಿಮೆಂಟ್ ತೆಗೆಯುವುದಕ್ಕೆ ಕೂತ.

ಆಯುಧ ಪೂಜೆಯ ದಿನ ಅವನ ಕಾರು, ಇವರ ಸ್ಕೂಟರ್ ಎರಡಕ್ಕೂ ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ತೆಗೆದರು. ಸಂಜೆ ನೋಡಿದರೆ ಬಾಗಿಲ ಮುಂದಿನ ಫರ್ಸಿಯ ಮೇಲೆ ಬಿಳಿಚಿಕೊಂಡ ನಾಲ್ಕಾರು ಮಚ್ಚೆ. ಮೊಮ್ಮಗಳು ಒರೆಸಿದಳು, ಹೋಗಲಿಲ್ಲ. ಹೋಗುವುದೂ ಇಲ್ಲ, ಅದು ಕಲೆ ಅಲ್ಲವಲ್ಲ. ಶಹಾಬಾದ್ ಫರ್ಸಿ ಅಂದರೆ ಸುಣ್ಣದ ಕಲ್ಲು. ಹುಳಿ ಬಿದ್ದರೆ ಕಲ್ಲಿನ ನುಣುಪು ಮೈಯೇ ಕರಗುತ್ತದೆ. ನಿಂಬೆಹಣ್ಣಿಗೇ ಹೀಗಾದರೆ ಬಚ್ಚಲಿಗೆ ಹಾಕುವ ಆಸಿಡ್ ಏನು ಮಾಡುತ್ತದೆ ಯೋಚಿಸಿ. ನಮ್ಮ ಬಚ್ಚಲ ನೆಲ ಯಾಕೆ ಅಷ್ಟು ಒರಟಾಗಿದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಈಗ ಆಸಿಡ್ ಬಾಟಲಿಗೆ ಮನೆಯೊಳಗೆ ಜಾಗ ಇಲ್ಲ, ಸೋಪಿನ ನೀರು ಸಾಕು. ಆ ಮಚ್ಚೆಗಳನ್ನು 400 ನಂಬರಿನ ಪಾಲಿಶ್ ಪೇಪರ್ ಒದ್ದೆ ಮಾಡಿ ಉಜ್ಜಿ, ಒಣಗಿದ ಮೇಲೆ ತೆಳ್ಳಗೆ ಅಗಸೆ ಎಣ್ಣೆ ಒರೆಸಿದೆವು. ಕಣ್ಣಿಟ್ಟು ಹುಡುಕಿದರೆ ಮಾತ್ರ ಕಾಣುತ್ತದೆ.

ವಿಜಯದಶಮಿಯ ಸಂಜೆ ಓಣಿಯವರೆಲ್ಲ ಬನ್ನಿ ಕೊಡುವುದಕ್ಕೆ ಬಂದರು. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ಬನ್ನಿ ಕೈಗಿಟ್ಟು, ಕಣ್ಣು ಮಾತ್ರ ಮೇಲಿನ ಗರ್ಡರ್ ಕಡೆ. ಬಂದವರೆಲ್ಲರಿಗೂ ಅವರವರ ಮಾಳಿಗೆಯ ಕಥೆ ಇತ್ತು. ಕೆಲಸಕ್ಕೆ ಬರುವ ಹೆಂಗಸು, ಹಾಲು ಕೊಡುವವರು, ರೊಟ್ಟಿ ಮಾಡಿಕೊಡುವ ಮನೆ, ಎಲ್ಲ ಗೊತ್ತಾದದ್ದು ಆ ಒಂದು ಸಂಜೆಯಲ್ಲೇ.

ಅಗಸೆ ಎಣ್ಣೆ ತಂದಿದ್ದದ್ದು ನಿಜವಾಗಿ ಮುಂಬಾಗಿಲಿಗೆ. ಸಾಗವಾನಿಯ ಬಾಗಿಲು, ಮೇಲೆ ಹಸಿರು, ನೀಲಿ, ಮತ್ತೆ ಹಸಿರು, ಹೀಗೆ ಪದರದ ಮೇಲೆ ಪದರ ಬಣ್ಣ. ಇದನ್ನು ಕೆರೆಯುವ ಮೊದಲು ಮೊಮ್ಮಕ್ಕಳನ್ನು ನೆಂಟರ ಮನೆಗೆ ಸಾಗಹಾಕಿದೆವು. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುವುದು ಸಾಮಾನ್ಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಾಗಿಲನ್ನು ಒಣದಾಗಿ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದು, ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದೆವು. ಸೊಸೆ ಮಾಸ್ಕ್ ಹಾಕಿಕೊಂಡು ಈ ಕೆಲಸವನ್ನು ಒಬ್ಬಳೇ ಮುಗಿಸಿದಳು, ಯಾರನ್ನೂ ಮುಟ್ಟಲು ಬಿಡಲಿಲ್ಲ. ಕೊನೆಯ ಪದರದ ಕೆಳಗೆ ಚೌಕಟ್ಟಿನಲ್ಲಿ ಸಣ್ಣ ಗಿಳಿಗಳ ಕೆತ್ತನೆ ಇತ್ತು. ಇವರಿಗೇ ಅದು ಗೊತ್ತಿರಲಿಲ್ಲ.

ಎಣ್ಣೆ ಕಾಯಿಸಿದ್ದೇ ತನ್ನಿ, ಹಸಿ ಎಣ್ಣೆ ಬೇಗ ಒಣಗುವುದಿಲ್ಲ. ತೆಳ್ಳಗೆ ಒರೆಸಿ, ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವುದು ಅಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಆಗ ಶಾಖ ಹುಟ್ಟುತ್ತದೆ. ಉಂಡೆಯಾದ ಬಟ್ಟೆಯಲ್ಲಿ ಆ ಶಾಖ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಅಂಗಳದ ತಂತಿಯ ಮೇಲೆ ಒಂದೊಂದೇ ಹರವಿ, ಒಣಗಿ ಗಡುಸಾದ ಮೇಲೆ ಎಸೆದೆವು.

ವೈರಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮರದ ಪಟ್ಟಿಯ ಹಳೆಯ ವೈರಿಂಗ್, ಅರ್ಥಿಂಗ್ ಇರಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ವಹಿಸಿದೆವು. ಹೊಸ ಅರ್ಥಿಂಗ್ ಗುಂಡಿ, 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್. ಅಡುಗೆಮನೆಯ ಲೈನ್ ಹಾಕಿದಾಗೆಲ್ಲ ಅದು ಟ್ರಿಪ್ ಆಗುತ್ತಿತ್ತು. ಸ್ವಿಚ್ ಕೆಟ್ಟಿರಲಿಲ್ಲ, ಮಾಳಿಗೆಯ ನೀರು ಗೋಡೆಯೊಳಗಿನ ಬಾಕ್ಸಿಗೆ ಇಳಿದಿತ್ತು. ಯಾವ ಕೆಲಸ ಮೊದಲು ಮಾಡಬೇಕು ಅಂತ ಕೇಳುವವರಿಗೆ ನಾನು ಈ ಬಾಕ್ಸನ್ನೇ ತೋರಿಸುತ್ತೇನೆ. ನೀರಿನದು ಮುಗಿಯದೆ ಕರೆಂಟಿನದು ಮುಗಿಯುವುದಿಲ್ಲ, ಬಣ್ಣದ ಮಾತಂತೂ ದೂರ.

ದೀಪಾವಳಿಗೆ ಮಗಳು ಬಂದಳು. ಅವಳು ಫಿಸಿಯೋಥೆರಪಿಸ್ಟ್. ಮಾಳಿಗೆ, ಬಾಗಿಲು ಎರಡನ್ನೂ ಹೊಗಳಿ, ರಾತ್ರಿ ಊಟ ಆದ ಮೇಲೆ ದೀಪ ಆರಿಸಿ, "ಈಗ ಇಬ್ಬರೂ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಬನ್ನಿ, ದಿನಾ ಹೋಗುವ ಹಾಗೇ" ಅಂದಳು. ಮೊಬೈಲ್ ಬೆಳಕಿನಲ್ಲಿ ನಮ್ಮ ಹಿಂದೆ ಹಿಂದೆ ಬಂದು, ನಮ್ಮ ಕೈ ಗೋಡೆಯ ಮೇಲೆ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಚಾಕ್ ಹಾಕಿದಳು. ಬಾಗಿಲ ಚೌಕಟ್ಟು, ಬಚ್ಚಲ ಮೆಟ್ಟಿಲ ಬದಿ, ಒಳಗೆ ನಲ್ಲಿಯ ಮೇಲೆ. ನಲ್ಲಿ ಹಿಡಿದು ಏಳುತ್ತಿದ್ದೇವೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಇವರ ಗುರುತು ನನ್ನದಕ್ಕಿಂತ ನಾಲ್ಕು ಬೆರಳು ಮೇಲೆ.

ಪಡಸಾಲೆಯಿಂದ ಬಚ್ಚಲಿಗೆ ಎರಡು ಮೆಟ್ಟಿಲು, ಒಂದೊಂದೂ ಒಂಬತ್ತು ಇಂಚು. ಆ ಹದಿನೆಂಟು ಇಂಚನ್ನೇ ಆರಾರು ಇಂಚಿನ ಮೂರು ಮೆಟ್ಟಿಲು ಮಾಡಿಸಿದೆವು. ಅಂಚಿಗೆ ಬಿಳಿ ಪಟ್ಟಿ. ಚಾಕ್ ಗುರುತು ಇದ್ದಲ್ಲಿ ಹಿಡಿಕೆ ಹಾಕುವುದೇ ಕಷ್ಟ ಆಯಿತು. ಈ ಗೋಡೆ ಹೊರಗೆ, ಒಳಗೆ ಕಲ್ಲು, ನಡುವೆ ಮಣ್ಣು. ಡ್ರಿಲ್ ಮಾಡಿ ಬೋಲ್ಟ್ ಹಾಕಿದರೆ ಕಲ್ಲಿಗೆ ಸಿಕ್ಕಿದರೆ ಸರಿ. ಸಂದಿಯ ಮಣ್ಣಿಗೆ ಸಿಕ್ಕಿದರೆ ಹಿಡಿದ ಹೊತ್ತಿಗೇ ಕಿತ್ತು ಕೈಗೆ ಬರುತ್ತದೆ, ಹಿಡಿಕೆ ಇಲ್ಲದ್ದಕ್ಕಿಂತ ಅಪಾಯ. ಇವರೇ ಉಪಾಯ ಹೇಳಿದರು. ನೆಲದ ಫರ್ಸಿಯಿಂದ ಮೇಲಿನ ಗರ್ಡರ್‌ವರೆಗೆ ಒಂದೂವರೆ ಇಂಚಿನ ಜಿಐ ಪೈಪ್ ನಿಲ್ಲಿಸಿ, ಮೇಲೆ ಗರ್ಡರ್‌ಗೆ ಕ್ಲಾಂಪ್, ಕೆಳಗೆ ನೆಲಕ್ಕೆ ಪ್ಲೇಟ್. ಗೋಡೆಗೆ ಒಂದು ತೂತೂ ಇಲ್ಲ. ಪೈಪ್ ನೆಟ್ಟಗೆ ನಿಂತಿರುವುದರಿಂದ ಇವರ ಎತ್ತರಕ್ಕೂ ಆಯಿತು, ನನ್ನದಕ್ಕೂ ಆಯಿತು. ಅಳಿಯ ಅದಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ.

ಗ್ಯಾಸ್ ಕನೆಕ್ಷನ್, ಬ್ಯಾಂಕಿನ ವಿಳಾಸ ಇವೆಲ್ಲ ಇದರ ನಡುವೆಯೇ ಆದವು. ನವೆಂಬರ್‌ನಲ್ಲಿ ಪಿಂಚಣಿಗೆ ಕೊಡಬೇಕಾದ ಜೀವಿತ ಪ್ರಮಾಣ ಪತ್ರವನ್ನು ಮೊಬೈಲಿನಲ್ಲೇ ಮಾಡುವುದು ಹೇಗೆ ಅಂತ ಮಗಳು ತೋರಿಸಿ ಹೋದಳು.

ನರಕ ಚತುರ್ದಶಿಯ ಹಿಂದಿನ ದಿನ ಮತ್ತೊಂದು ಸಲ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಪಡಸಾಲೆ ಒಣ. ಅಡುಗೆಮನೆ ಒಣ. ದೇವರಮನೆಯೂ ಒಣ. ಪೂರ್ವದ ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ತೇವ ಮತ್ತೆ ಕಾಣಿಸಿತು. ಅಲ್ಲಿ ನಮ್ಮ ಗೋಡೆಗೆ ಪಕ್ಕದ ಮನೆಯ ಗೋಡೆ ತಾಗಿಕೊಂಡಿದೆ, ನಡುವಿನ ಸಂದಿ ಇಬ್ಬರಿಗೂ ಸೇರಿದ್ದು. ಅವರ ಕಡೆಯಿಂದಲೂ ಗಾರೆ ತುಂಬಿ, ಎರಡೂ ಗೋಡೆ ಕೂಡಿಸಿ ಮೇಲೊಂದು ಫರ್ಸಿ ಹಾಸಿದರೆ ಮಾತ್ರ ಅದು ನಿಲ್ಲುತ್ತದೆ. ಉಳಿದ ಮಾಳಿಗೆಗೆಲ್ಲ ಸುಣ್ಣ ಬಳಿಸಿದ್ದೇವೆ. ಬಿಳಿ ಇದ್ದರೆ ಬೇಸಿಗೆಯಲ್ಲಿ ಕಾವು ಅಷ್ಟು ಇಳಿಯುವುದಿಲ್ಲ. ವರ್ಷಕ್ಕೊಂದು ಸಲ, ಮಾರ್ಚ್ ಒಳಗೆ ಬಳಿಯಬೇಕು.

ಡ್ರಮ್ಮಿನಲ್ಲಿ ಕಾಲು ಭಾಗ ಸುಣ್ಣ ಉಳಿದಿದೆ. ಮೇಲೆ ನಾಲ್ಕು ಬೆರಳು ನೀರು ನಿಂತಿದ್ದರೆ ಗಾಳಿ ತಾಗುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ಪಕ್ಕದ ಮನೆಯವರು ತಮ್ಮ ಕಟ್ಟೆಗೆ ಅಂತ ಒಂದು ಬಕೆಟ್ ಕೇಳಿಕೊಂಡು ಬಂದರು. ಕೊಡುವಾಗಲೇ ಆ ಮೂಲೆಯ ಮಾತು ತೆಗೆದೆ. ಅವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಬಕೆಟ್ ನೋಡಿದರು. "ಮಾಡೂಣ್ರಿ ಅಕ್ಕೋರ, ಈಗ ಹೊಲದಾಗ ತೊಗರಿ ಹೂವು ಬಿಟ್ಟದ, ರಾಶಿ ಆಗ್ಲಿ. ನಿಮ್ಮ ಗೌಂಡಿಗೆ ಹೇಳಿ ಇಡ್ರಿ" ಅಂದರು. ಎಳ್ಳಮಾವಾಸ್ಯೆಗೆ ಮಗ ಮತ್ತೆ ಬರುತ್ತೇನೆ ಅಂದಿದ್ದಾನೆ. ಹೊಲಕ್ಕೆ ಚರಗ ಚೆಲ್ಲುವುದಕ್ಕೆ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವುದಕ್ಕೆ, ಹೋಗಿ ಬಂದ ಮೇಲೆ ಆ ಮೂಲೆಗೆ ಕೈ ಹಚ್ಚುವುದು ಅಂತ ಗೌಂಡಿಗೆ ಹೇಳಿ ಇಟ್ಟಿದ್ದೇವೆ. ಬೆಲ್ಲ ಈ ಸಲ ಅರ್ಧ ಕಿಲೋ ಕಡಿಮೆ.